ಹೊಸ ಫೋನ್ ಬಂದ ದಿನವೇ ಹಳೇ ಫೋನ್ ಅಳಿಸಬೇಡಿ

ನಮ್ಮ ಮನೆಯಲ್ಲಿ ಯಾರು ಹೊಸ ಫೋನ್ ತಂದರೂ ಡಬ್ಬಿ ಬಿಚ್ಚುವ ಮೊದಲು ನನಗೆ ಕರೆ ಬರುತ್ತದೆ. ಹಳೆಯದರಲ್ಲಿದ್ದುದನ್ನೆಲ್ಲ ಹೊಸದಕ್ಕೆ ಸಾಗಿಸಿಕೊಡುವುದು ನನ್ನ ಪಾಲಿನ ಕೆಲಸ. ಈ ಕೆಲಸ ನಾನು ಕಲಿತದ್ದು ನನ್ನದನ್ನೇ ಹಾಳು ಮಾಡಿಕೊಂಡು.

ಆಗಿದ್ದು ಇಷ್ಟು. ಹೊಸ ಫೋನಿಗೆ ಫೋಟೋ ಬಂದವು, ನಂಬರುಗಳು ಬಂದವು, ವಾಟ್ಸಾಪ್ ಬಂತು. ಎಲ್ಲಾ ಆಯ್ತಲ್ಲ ಅಂತ ರಾತ್ರಿ ಹನ್ನೊಂದಕ್ಕೆ ಹಳೇ ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡಿ ಮಲಗಿದೆ. ಬೆಳಿಗ್ಗೆ ಕೆಲಸದ ಮೇಲ್ ತೆರೆದರೆ ಆರು ಅಂಕಿಯ ಕೋಡ್ ಕೇಳಿತು. ಕೋಡ್ ಕೊಡುವ ಆಥೆಂಟಿಕೇಟರ್ ಆ್ಯಪ್ ಹೊಸ ಫೋನಿನಲ್ಲೂ ಇತ್ತು. ತೆರೆದು ನೋಡಿದೆ. ಆ್ಯಪ್ ಇದೆ, ಒಳಗೆ ಏನೂ ಇಲ್ಲ. ಒಂಬತ್ತು ಖಾತೆಗಳ ಕೋಡು ಹಳೇ ಫೋನಿನ ಜೊತೆಗೇ ಹೋಗಿತ್ತು. ಒಂದೊಂದನ್ನೇ ವಾಪಸ್ ಪಡೆಯಲು ಮೂರು ವಾರ ಹಿಡಿಯಿತು. ಒಂದು ಖಾತೆ ಇವತ್ತಿಗೂ ಸಿಕ್ಕಿಲ್ಲ.

ಹಾಗಾಗಿ ಎಲ್ಲರೂ ಫೋಟೋದಿಂದ ಶುರು ಮಾಡಿದರೆ ನಾನು ಕೋಡಿನಿಂದ ಶುರು ಮಾಡುತ್ತೇನೆ.

ಮೊದಲು ಕೋಡು

ಈ ಕೋಡ್ ಎಲ್ಲಿಂದ ಬರುತ್ತದೆ ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ. ಖಾತೆಗೆ ಪಾಸ್‌ವರ್ಡಿನ ಜೊತೆ ಕೋಡಿನ ಎರಡನೇ ಬೀಗ ಹಾಕುವಾಗ ಒಂದು ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿರುತ್ತೀರಲ್ಲ, ಅದರಲ್ಲಿ ಒಂದು ಗುಟ್ಟಿನ ಕೀಲಿ ಇರುತ್ತದೆ. ಅದು ಆ್ಯಪ್‌ನೊಳಗೆ ಕೂತುಬಿಡುತ್ತದೆ. ಆ ಕೀಲಿಯನ್ನೂ ಗಡಿಯಾರದ ಹೊತ್ತನ್ನೂ ಸೇರಿಸಿ ಆ್ಯಪ್ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಕೋಡ್ ತೆಗೆಯುತ್ತದೆ. ಇದಕ್ಕೆ ನೆಟ್ ಬೇಡ, ಸಿಮ್ ಕೂಡ ಬೇಡ. ಸಿಮ್ ತೆಗೆದು ಹೊಸ ಫೋನಿಗೆ ಹಾಕಿದರೆ ಎಸ್ಸೆಮ್ಮೆಸ್‌ನಲ್ಲಿ ಬರುವ ಕೋಡ್ ಸಿಮ್ಮಿನ ಹಿಂದೆಯೇ ಬರುತ್ತದೆ. ಇದು ಬರುವುದಿಲ್ಲ. ನಾನು ಎಡವಿದ್ದು ಇಲ್ಲೇ.

ಗೂಗಲ್ ಆಥೆಂಟಿಕೇಟರ್ ಬಳಸುವವರು ಹಳೇ ಫೋನಿನ ಆ್ಯಪ್‌ನ ಮೆನುವಿನಲ್ಲಿ ‘ಟ್ರಾನ್ಸ್‌ಫರ್ ಅಕೌಂಟ್ಸ್’, ಅದರೊಳಗೆ ‘ಎಕ್ಸ್‌ಪೋರ್ಟ್’ ಒತ್ತಿ. ಕ್ಯೂಆರ್ ಬರುತ್ತದೆ. ಹೊಸ ಫೋನಿನಲ್ಲಿ ಅದೇ ಜಾಗದಲ್ಲಿ ‘ಇಂಪೋರ್ಟ್’ ಒತ್ತಿ ಅದನ್ನು ಸ್ಕ್ಯಾನ್ ಮಾಡಿ. ಖಾತೆಗಳು ಜಾಸ್ತಿ ಇದ್ದರೆ ಒಂದಾದ ಮೇಲೊಂದು ಕ್ಯೂಆರ್ ಬರುತ್ತವೆ. ಮೊದಲನೆಯದಕ್ಕೇ ಮುಗಿಯಿತು ಅಂತ ಎದ್ದು ಹೋಗಬೇಡಿ. ಆಮೇಲೆ ಎರಡೂ ಫೋನನ್ನು ಮೇಜಿನ ಮೇಲೆ ಪಕ್ಕಪಕ್ಕ ಇಡಿ. ಒಂದೇ ಖಾತೆಗೆ ಎರಡರಲ್ಲೂ ಒಂದೇ ಕೋಡ್ ಕಾಣಬೇಕು, ಒಟ್ಟಿಗೇ ಬದಲಾಗಬೇಕು. ಮೂರ್ನಾಲ್ಕು ಸಲ ಬದಲಾಗುವವರೆಗೆ ಸುಮ್ನೆ ನೋಡುತ್ತಾ ಕೂರುತ್ತೇನೆ. ಅಕ್ಕ ನಗುತ್ತಾಳೆ. ನಗಲಿ.

2023ರ ಏಪ್ರಿಲ್‌ನಿಂದ ಈ ಆ್ಯಪ್ ಕೋಡುಗಳನ್ನು ಗೂಗಲ್ ಖಾತೆಗೂ ಸಿಂಕ್ ಮಾಡಬಲ್ಲದು. ಒಳ್ಳೆಯದೇ. ಆದರೆ ಆ ಗೂಗಲ್ ಖಾತೆಗೆ ಲಾಗಿನ್ ಆಗಲು ಬೇಕಾದ ಕೋಡೂ ಅದೇ ಆ್ಯಪ್‌ನಲ್ಲಿದ್ದರೆ? ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದ ಹಾಗೆ. ಅದಕ್ಕೆ ಗೂಗಲ್ ಖಾತೆಯ ಸೆಕ್ಯುರಿಟಿ ಪುಟದಲ್ಲಿ ‘ಬ್ಯಾಕಪ್ ಕೋಡ್ಸ್’ ತೆಗೆದುಕೊಳ್ಳಿ. ಎಂಟು ಅಂಕಿಯ ಹತ್ತು ಕೋಡ್ ಸಿಗುತ್ತವೆ, ಒಂದೊಂದನ್ನು ಒಂದೇ ಸಲ ಬಳಸಬಹುದು. ಕಾಗದದಲ್ಲಿ ಬರೆದಿಡಿ. ಫೋನಿನ ನೋಟ್ಸ್‌ನಲ್ಲಿ ಬರೆದರೆ ಮತ್ತೆ ಪೆಟ್ಟಿಗೆಯ ಕಥೆಯೇ. ಬೇರೆ ಆಥೆಂಟಿಕೇಟರ್ ಆ್ಯಪ್ ಆದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಇದೆಯಾ ಅಂತ ಇವತ್ತೇ ನೋಡಿ, ಹೊಸ ಫೋನ್ ಬರುವವರೆಗೆ ಕಾಯಬೇಡಿ.

ವಾಟ್ಸಾಪ್

ಇದರಲ್ಲಿ ಜನ ತಪ್ಪುವುದು ಆತುರದಿಂದ. ಹೊಸ ಫೋನಿನಲ್ಲಿ ನಂಬರ್ ಹಾಕಿ, ಕೋಡ್ ಹಾಕಿ, ‘ರೀಸ್ಟೋರ್’ ಅಂತ ಕೇಳಿದಾಗ ‘ಸ್ಕಿಪ್’ ಒತ್ತಿಬಿಡುತ್ತಾರೆ. ಆಮೇಲೆ ಮಾಡೋಣ ಅಂತ. ಆಮೇಲೆ ಅನ್ನುವುದು ಅಲ್ಲಿಲ್ಲ. ಆ್ಯಪ್ ತೆಗೆದುಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದರೆ ಮಾತ್ರ ಆ ಪ್ರಶ್ನೆ ವಾಪಸ್ ಬರುತ್ತದೆ.

ಅದಕ್ಕೂ ಮೊದಲು ಹಳೇ ಫೋನಿನಲ್ಲಿ ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್ ತೆರೆದು ಕೊನೆಯ ಬ್ಯಾಕಪ್ ಯಾವತ್ತಿನದು ನೋಡಿ. ಅಮ್ಮನ ಫೋನಿನಲ್ಲಿ ಹೋದ ವರ್ಷದ ತಾರೀಕಿತ್ತು. ಕಾರಣ ಹುಡುಕಿದರೆ ಗೂಗಲ್ ಖಾತೆಯ ಉಚಿತ 15 ಜಿಬಿ ತುಂಬಿ ಹೋಗಿತ್ತು. ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ ಮೊದಲು ಆ ಲೆಕ್ಕಕ್ಕೆ ಬರುತ್ತಿರಲಿಲ್ಲ, ಈಗ ಜಿಮೇಲ್, ಡ್ರೈವ್, ಫೋಟೋಗಳ ಜೊತೆ ಅದೂ ಜಾಗ ತಿನ್ನುತ್ತದೆ. ಅದೇ ಪುಟದಲ್ಲಿ ವಿಡಿಯೋ ಸೇರಿಸಲೇ ಅಂತ ಒಂದು ಗುಂಡಿ ಇದೆ. ಅದು ಆಫ್ ಇದ್ದರೆ ಬ್ಯಾಕಪ್‌ನಲ್ಲಿ ವಿಡಿಯೋ ಬರುವುದಿಲ್ಲ.

ಎರಡೂ ಆಂಡ್ರಾಯ್ಡ್ ಆದರೆ ನಾನು ಬ್ಯಾಕಪ್ ನೆಚ್ಚಿಕೊಳ್ಳುವುದಿಲ್ಲ. 2023ರಲ್ಲಿ ಬಂದ ‘ಟ್ರಾನ್ಸ್‌ಫರ್ ಚಾಟ್ಸ್’ ಬಳಸುತ್ತೇನೆ. ಹಳೇ ಫೋನಿನಲ್ಲಿ ಅದೇ ಚಾಟ್ಸ್ ಪುಟದಲ್ಲಿ ಅದನ್ನು ಶುರು ಮಾಡಿ. ಹೊಸದರಲ್ಲಿ ನಂಬರ್ ಖಚಿತ ಆದ ಮೇಲೆ ಒಂದು ಕ್ಯೂಆರ್ ಬರುತ್ತದೆ, ಅದನ್ನು ಹಳೇ ಫೋನಿನಿಂದ ಸ್ಕ್ಯಾನ್ ಮಾಡಿ. ಎರಡರಲ್ಲೂ ವೈಫೈ ಮತ್ತು ಲೊಕೇಶನ್ ಆನ್ ಇರಬೇಕು. ಚಾಟ್‌ಗಳು ಕ್ಲೌಡ್‌ಗೆ, ಅಂದರೆ ಗೂಗಲ್‌ನ ಕಂಪ್ಯೂಟರುಗಳಿಗೆ, ಹೋಗದೆ ಫೋನಿನಿಂದ ಫೋನಿಗೇ ಬರುತ್ತವೆ. ಆಂಡ್ರಾಯ್ಡ್‌ನಿಂದ ಐಫೋನಿಗೆ ಹೋಗುವವರು ‘ಮೂವ್ ಟು ಐಒಎಸ್’ ಆ್ಯಪ್ ಬಳಸಬೇಕು. ಅದು ಐಫೋನನ್ನು ಮೊದಲ ಸಲ ಸೆಟಪ್ ಮಾಡುವಾಗಿನ ಕೆಲಸ. ಐಫೋನ್ ನಾಲ್ಕು ದಿನ ಬಳಸಿ ಆಮೇಲೆ ನನ್ನ ಹತ್ತಿರ ತಂದ ಗೆಳೆಯನಿಗೆ ಅದನ್ನು ಅಳಿಸಿ ಮೊದಲಿಂದ ಶುರು ಮಾಡು ಅಂದೆ. ಎರಡು ದಿನ ಮಾತಾಡಲಿಲ್ಲ.

ಬ್ಯಾಕಪ್‌ಗೆ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀ ಹಾಕಿಕೊಂಡವರು ಅದು ನೆನಪಿದೆಯಾ ನೋಡಿಕೊಳ್ಳಿ. ಅದು ಕಳೆದುಹೋದರೆ ವಾಟ್ಸಾಪ್‌ನವರೂ ಆ ಬ್ಯಾಕಪ್ ತೆರೆಯಲಾರರು.

ನಂಬರುಗಳು

ಕಾಂಟ್ಯಾಕ್ಟ್ ಎಲ್ಲಿ ಸೇವ್ ಆಗಿದೆ ಅನ್ನುವುದೇ ಪ್ರಶ್ನೆ. ಗೂಗಲ್ ಖಾತೆಯಲ್ಲಾ, ಫೋನಿನಲ್ಲಾ, ಸಿಮ್ಮಿನಲ್ಲಾ? ಅಮ್ಮನದು ಮೂರರಲ್ಲೂ ಹರಡಿಕೊಂಡಿತ್ತು. ‘ಪ್ಲಂಬರ್ ಹೊಸಬ’ ಸಿಮ್ಮಿನಲ್ಲಿ, ‘ಪ್ಲಂಬರ್ ಹೊಸಬ 2’ ಫೋನಿನಲ್ಲಿ. ಪರೀಕ್ಷೆ ಸುಲಭ. ಕಂಪ್ಯೂಟರ್‌ನಲ್ಲಿ ಗೂಗಲ್ ಕಾಂಟ್ಯಾಕ್ಟ್ಸ್ ತೆರೆದು, ಹೋದ ವಾರ ಸೇರಿಸಿದ ಒಂದು ಹೆಸರು ಹುಡುಕಿ. ಸಿಕ್ಕರೆ ಹೊಸ ಹೆಸರುಗಳು ಅಲ್ಲಿಗೆ ಹೋಗುತ್ತಿವೆ ಅಂತ ಅರ್ಥ. ಇಲ್ಲದಿದ್ದರೆ, ಸಿಕ್ಕಿದರೂ ಹಳೇ ಹೆಸರುಗಳಿಗಾಗಿ, ಫೋನಿನ ಕಾಂಟ್ಯಾಕ್ಟ್ಸ್‌ನಿಂದ ಎಲ್ಲವನ್ನೂ ಒಂದು ಫೈಲಾಗಿ ಎಕ್ಸ್‌ಪೋರ್ಟ್ ಮಾಡಿ ನಿಮಗೇ ಮೇಲ್ ಮಾಡಿಕೊಳ್ಳಿ.

ಫೋಟೋ

ಫೋಟೋ ಅಷ್ಟು ಕಷ್ಟವಿಲ್ಲ. ಒಂದೇ ಮಾತು. ಗೂಗಲ್ ಫೋಟೋಸ್ ಕ್ಯಾಮೆರಾ ಫೋಲ್ಡರನ್ನು ತಾನಾಗಿ ಬ್ಯಾಕಪ್ ಮಾಡುತ್ತದೆ. ಸ್ಕ್ರೀನ್‌ಶಾಟ್, ವಾಟ್ಸಾಪ್ ಚಿತ್ರಗಳ ಫೋಲ್ಡರನ್ನು ನೀವೇ ಆನ್ ಮಾಡಬೇಕು. ಮತ್ತೆ, ಜಾಗ ಮಾಡಲೆಂದು ಆ ಆ್ಯಪ್‌ನಲ್ಲಿ ಬ್ಯಾಕಪ್ ಆದ ಫೋಟೋ ಡಿಲೀಟ್ ಮಾಡಿದರೆ ಅದು ಫೋನಿನಿಂದಲೂ ಹೋಗುತ್ತದೆ, ಖಾತೆಯಿಂದಲೂ ಹೋಗುತ್ತದೆ. ಜಾಗ ಬೇಕಾದರೆ ‘ಫ್ರೀ ಅಪ್’ ಅನ್ನುವುದನ್ನೇ ಒತ್ತಿ, ಅದು ಫೋನಿನ ಪ್ರತಿ ಮಾತ್ರ ತೆಗೆಯುತ್ತದೆ.

ಸದ್ದಿಲ್ಲದೆ ಉಳಿದುಹೋಗುವವು

ವಾಯ್ಸ್ ರೆಕಾರ್ಡರ್, ಡೌನ್‌ಲೋಡ್ಸ್ ಫೋಲ್ಡರ್, ಫೋನಿನ ಜೊತೆಗೇ ಬಂದ ನೋಟ್ಸ್ ಆ್ಯಪ್. ಈ ಮೂರನ್ನು ಕೈಯಾರೆ ತೆರೆದು ನೋಡಿ. ಬ್ಯಾಂಕ್ ಆ್ಯಪ್‌ಗಳು ಹೇಗೂ ಹೊಸ ಫೋನಿನಲ್ಲಿ ಮೊದಲಿಂದ ನೋಂದಣಿ ಕೇಳುವುದೇ ಹೆಚ್ಚು, ಒಂದು ಬಿಡುವಿನ ಹೊತ್ತು ಇಟ್ಟುಕೊಳ್ಳಿ.

ಇಷ್ಟೆಲ್ಲ ಆದ ಮೇಲೂ ಹಳೇ ಫೋನನ್ನು ಮುಟ್ಟಬೇಡಿ. ಅದಕ್ಕೊಂದು ಚೀಟಿ ಅಂಟಿಸಿ ತಾರೀಕು ಬರೆದು, ಒಂದು ತಿಂಗಳು ಡ್ರಾಯರ್‌ನಲ್ಲಿಡಿ. ಪಿನ್ ಮರೆಯಬೇಡಿ, ವಾರಕ್ಕೊಮ್ಮೆ ಚಾರ್ಜ್ ಮಾಡಿ. ಅಕ್ಕನ ಫೋನ್ ಬದಲಿಸಿ 19 ದಿನವಾಗಿತ್ತು. ರಾತ್ರಿ ಕರೆ ಮಾಡಿ ಮೆಲ್ಲಗೆ ಕೇಳಿದಳು, ‘ಆ ಹಳೇದು ಇನ್ನೂ ಇದೆ ಅಲ್ವಾ?’ ಅಮ್ಮ ಹಾಡಿದ್ದನ್ನು ಅವಳು ರೆಕಾರ್ಡ್ ಮಾಡಿಟ್ಟಿದ್ದಳಂತೆ. ಹದಿನಾಲ್ಕು ಹಾಡು, ಎಲ್ಲಾ ವಾಯ್ಸ್ ರೆಕಾರ್ಡರ್‌ನಲ್ಲಿ. ಆ ಆ್ಯಪ್ ತೆರೆದು ನೋಡುವುದನ್ನು ನಾನೇ ಮರೆತಿದ್ದೆ. ಮೇಲಿನ ಪಟ್ಟಿಯಲ್ಲಿ ಅದು ಮೊದಲು ಬಂದಿರುವುದು ಅದಕ್ಕೇ.

ಅಳಿಸುವ ದಿನ

ತಿಂಗಳು ಕಳೆದ ಮೇಲೆ, ರೀಸೆಟ್‌ಗೂ ಮೊದಲು ಹಳೇ ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆಯನ್ನು ತೆಗೆಯಿರಿ. ಐಫೋನ್ ಆದರೆ ‘ಫೈಂಡ್ ಮೈ’ ಆಫ್ ಮಾಡಿ. ಹೀಗೆ ಮಾಡದಿದ್ದರೆ ಫೋನ್ ಪಡೆದವರು ಆನ್ ಮಾಡಿದಾಗ ಅದು ನಿಮ್ಮ ಖಾತೆಯ ಪಾಸ್‌ವರ್ಡ್ ಕೇಳಬಹುದು. ಕದ್ದವರಿಗೆ ಫೋನ್ ದಕ್ಕದಿರಲಿ ಅಂತ ಮಾಡಿದ ವ್ಯವಸ್ಥೆ ಅದು, ಕೊಟ್ಟವರನ್ನೂ ಕಾಡುತ್ತದೆ. ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಇರುವ ಸಿಮ್) ಇದ್ದರೆ ಅದನ್ನು ಹೊಸ ಫೋನಿಗೆ ವರ್ಗಾಯಿಸಿ, ಕರೆ ಬರುತ್ತಿದೆ ಅಂತ ನೋಡಿ, ಆಮೇಲೆ ರೀಸೆಟ್ ಒತ್ತಿ.

ಫೋನ್ ಮತ್ತೆ ಆನ್ ಆಗಿ ಭಾಷೆ ಯಾವುದು ಅಂತ ಕೇಳುತ್ತದೆ. ಏನೂ ಆರಿಸಬೇಡಿ. ಅಲ್ಲೇ ಪವರ್ ಗುಂಡಿ ಒತ್ತಿ ಆಫ್ ಮಾಡಿ ಕೊಟ್ಟುಬಿಡಿ.