ಖಾಲಿ ಬಾಟಲಿಯಲ್ಲಿ ಮಳೆ ಪಾಠ

ನಾಲ್ಕು, ಐದನೇ ಕ್ಲಾಸಿಗೆ ಪರಿಸರ ಅಧ್ಯಯನ ತೆಗೆದುಕೊಳ್ಳುವವರೇ, ಜಲಚಕ್ರದ ಚಿತ್ರ ಆಮೇಲೆ ಬರೆಸಿ. ಮೊದಲು ಮಕ್ಕಳ ಕೈಯಲ್ಲಿ ಮಳೆ ಅಳೆಸಿ.

ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿ ಸಾಕು, ಆದರೆ ಅದರ ಮೈ ನೇರವಾಗಿರಬೇಕು, ನಡು ಸಣ್ಣಗಿದ್ದರೆ ಲೆಕ್ಕ ತಪ್ಪುತ್ತದೆ. ಹೆಗಲಿನ ಹತ್ತಿರ ಕತ್ತರಿಸಿ (ಬ್ಲೇಡ್ ನಿಮ್ಮ ಕೈಯಲ್ಲೇ ಇರಲಿ), ಮೇಲಿನ ತುಂಡಿನ ಮುಚ್ಚಳ ತೆಗೆದು ಆಲಿಕೆ ಥರ ತಲೆಕೆಳಗಾಗಿ ಕೂರಿಸಿ. ತಳ ಉಬ್ಬುತಗ್ಗಾಗಿರುತ್ತದೆ ಅಲ್ವಾ, ಅಲ್ಲಿಗೆ ಸಣ್ಣ ಕಲ್ಲು ಹಾಕಿ, ನೇರ ಭಾಗ ಮುಟ್ಟುವವರೆಗೆ ನೀರು ತುಂಬಿ. ಆ ಮಟ್ಟವೇ ಸೊನ್ನೆ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಇಟ್ಟು ಮಿಲಿಮೀಟರ್ ಗೆರೆ ಎಳೆಯಿರಿ.

ಬಯಲಲ್ಲಿ ಇಡಿ. ಮೊದಲ ಸಲ ನಾನು ಸೂರಿನ ಪಕ್ಕ ಇಟ್ಟು ಕೆಟ್ಟೆ. ಬಾಟಲಿ ತುಂಬಿ ಹರಿದಿತ್ತು, "ಅಷ್ಟೊಂದು ಮಳೆ ಎಲ್ಲಿ ಬಂತು?" ಅಂತ ಮಕ್ಕಳೇ ಹಿಡಿದುಬಿಟ್ಟರು.

ಹವಾಮಾನ ಇಲಾಖೆಯವರು ಮಳೆ ನೋಡುವುದು ಬೆಳಿಗ್ಗೆ 8.30ಕ್ಕೆ. ನಿಮಗೆ ಪ್ರಾರ್ಥನೆಗೆ ಮೊದಲು ಆದರೂ ಸರಿ, ದಿನಾ ಒಂದೇ ಹೊತ್ತಿಗೆ ನೋಡಿ ಬರೆಸಿ. ಬರೆದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತನ್ನಿ. ಬಿಸಿಲಿಗೆ ಆರಿ ಕಡಿಮೆಯಾಗಿದ್ದರೆ ತುಂಬಿ, ಸೊಳ್ಳೆ ಮರಿ ಕಂಡರೆ ಪೂರ್ತಿ ಬದಲಾಯಿಸಿ.

ತಾರೀಕಿನ ಪಕ್ಕದಲ್ಲಿ ಮಳೆ ನಕ್ಷತ್ರವನ್ನೂ ಬರೆಸಿ: ಮೃಗಶಿರ, ಆರಿದ್ರಾ, ಪುನರ್ವಸು. ಅದನ್ನು ಮನೆಯಲ್ಲಿ ಅಜ್ಜಿಯನ್ನೋ ತಾತನನ್ನೋ ಕೇಳಿಕೊಂಡು ಬರಲಿ. "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ" ಅನ್ನುವಂಥ ಗಾದೆಗಳು ತಾವಾಗೇ ಬರುತ್ತವೆ, ಮುಂದಿನ ವರ್ಷ ಗಾದೆಯನ್ನೂ ಪಟ್ಟಿಯನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು.

ಇನ್ನು ಲೆಕ್ಕ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ 1 ಲೀಟರ್ ನೀರು. ಶಾಲೆ ಮಾಳಿಗೆಯನ್ನು ಮಕ್ಕಳೇ ಕೆಳಗಿನಿಂದ ಗೋಡೆ ಗುಂಟ ಟೇಪು ಹಿಡಿದು ಅಳೆಯಲಿ. 10 ಮೀಟರ್ ಉದ್ದ, 6 ಮೀಟರ್ ಅಗಲ ಅಂದುಕೊಳ್ಳಿ, 10 ಮಿಲಿಮೀಟರ್ ಮಳೆಗೆ 600 ಲೀಟರ್. 15 ಲೀಟರಿನ ಕೊಡದಲ್ಲಿ 40 ಕೊಡ! ಮನೆಗೆ ನೀರು ಹೊರುವ ಮಗುವಿಗೆ 40 ಕೊಡ ಅಂದರೆ ಎಷ್ಟು ಅಂತ ನೀವು ಹೇಳಿಕೊಡಬೇಕಿಲ್ಲ. ಅಷ್ಟೂ ನೀರು ಈಗ ಎಲ್ಲಿಗೆ ಹೋಗುತ್ತಿದೆ ಅಂತ ಮಳೆ ಬರುವಾಗಲೇ ಜಗುಲಿಯಲ್ಲಿ ನಿಂತು ನೋಡಲಿ.

ವಾರ ಕಳೆದ ಮೇಲೆ ಅಂಥದೇ ಇನ್ನೊಂದು ಬಾಟಲಿಯನ್ನು ಹೊಂಗೆ ಮರದ ಕೆಳಗೆ ಇಡಿಸಿ. ಸಣ್ಣ ಮಳೆಗೆ ಅದರಲ್ಲಿ ನೀರು ಕಮ್ಮಿ ಇರುತ್ತದೆ. ಯಾಕೆ ಅಂತ ಕೇಳಿದರೆ ಉತ್ತರ ಹೇಳಬೇಡಿ. ಮಳೆ ನಿಂತ ತಕ್ಷಣ ಎಲ್ಲರನ್ನೂ ಮರದ ಕೆಳಗೆ ನಿಲ್ಲಿಸಿ, ಒಂದು ಕೊಂಬೆ ಹಿಡಿದು ಅಲ್ಲಾಡಿಸಿ.