ಹಳೇ ಟೈಲ್ಸ್ ಮೇಲೆ ಲ್ಯಾಮಿನೇಟ್: ಕೆಲಸ ಇರುವುದೆಲ್ಲ ಅಂಚಿನಲ್ಲಿ

ಹತ್ತು–ಹನ್ನೆರಡು ಅಡಿಯ ಬೆಡ್‌ರೂಮಿಗೆ ಹಳೇ ವಿಟ್ರಿಫೈಡ್ ಟೈಲ್ಸ್ ಕೀಳದೆ, ಅದರ ಮೇಲೇ 8 ಮಿ.ಮೀ. ಲ್ಯಾಮಿನೇಟ್ (ಒಂದಕ್ಕೊಂದು ಸಿಕ್ಕಿಸಿ ಹಾಸುವ ನೆಲಹಲಗೆ) ಹಾಕಿದ್ದು. ಹಲಗೆ 1215 × 195 ಮಿ.ಮೀ., ಪೆಟ್ಟಿಗೆಗೆ ಎಂಟು, ಶೇ. 10 ವೇಸ್ಟೇಜ್ ಸೇರಿ ಏಳು ಪೆಟ್ಟಿಗೆ ತರಿಸಿದೆ. ಒಡೆಯದೆ ಅದೇ ರೂಮಿನಲ್ಲಿ 48 ಗಂಟೆ ಮಲಗಿಸಿಟ್ಟೆ. ಕೆಳಗೆ 2 ಮಿ.ಮೀ. ಫೋಮ್, ಒಂದೇ ಪದರ. ಮೆತ್ತಗಿರಲಿ ಎಂದು ಎರಡು ಪದರ ಹಾಸಿದರೆ ಕಾಲಿಟ್ಟಾಗಲೆಲ್ಲ ಹಲಗೆ ಕುಣಿದು, ಪಕ್ಕದ ಹಲಗೆಗೆ ಸಿಕ್ಕಿಕೊಳ್ಳುವ ಅಂಚಿನ ಲಾಕ್ ಮುರಿಯುತ್ತದೆ. ಎರಡು ಮೀಟರ್ ಪಟ್ಟಿ ಇಟ್ಟಾಗ 3 ಮಿ.ಮೀ.ಗಿಂತ ಹೆಚ್ಚು ತಗ್ಗು ಕಂಡರೂ ಇದೇ ಗತಿ, ಮೊದಲೇ ತುಂಬಿಸಬೇಕು.

ಹಲಗೆ ಕತ್ತರಿಸುವ ಮುಂಚೆ ಲೆಕ್ಕ. ರೂಮಿನ ಅಗಲ 2985 ಮಿ.ಮೀ. ಹಲಗೆ ಹಿಗ್ಗಲೆಂದು ಎರಡೂ ಕಡೆ ಗೋಡೆಯ ಬಳಿ 10 ಮಿ.ಮೀ. ಸಂದು ಬಿಟ್ಟರೆ 2965. ಹದಿನೈದು ಸಾಲಿಗೆ 2925 ಹೋಗಿ ಕೊನೆಗೆ ಉಳಿಯುವುದು 40 ಮಿ.ಮೀ. ಪಟ್ಟಿ. ಅಷ್ಟು ಸಣ್ಣದು ನಿಲ್ಲುವುದಿಲ್ಲ, ಕನಿಷ್ಠ 50 ಬೇಕು. ಹಾಗಾಗಿ ಮೊದಲ ಮತ್ತು ಕೊನೆಯ ಸಾಲನ್ನು ತಲಾ 117 ಮಿ.ಮೀ.ಗೆ ಸೀಳಿ, ನಡುವೆ ಹದಿನಾಲ್ಕು ಪೂರ್ತಿ ಸಾಲು ಕೂರಿಸಿದೆ.

ಜಿಗ್‌ಸಾದ (ಕರೆಂಟಿನ ಸಣ್ಣ ಗರಗಸ) ಮಾಮೂಲಿ ಬ್ಲೇಡ್ ಮೇಲ್ಮುಖವಾಗಿ ಕಡಿಯುತ್ತದೆ. ಡಿಸೈನ್ ಬದಿ ಕೆಳಗಿರಲಿ, ಇಲ್ಲವೇ ಅಂಚೆಲ್ಲ ಚಕ್ಕೆ ಏಳುತ್ತದೆ. ಕೈಗರಗಸಕ್ಕೆ ಇದರ ಉಲ್ಟಾ. ಸಾಲಿನ ಕೊನೆಯ ತುಂಡಿಗೆ ಟೇಪ್ ಬೇಡ: ಹಲಗೆಯನ್ನು ತುದಿ ತಿರುಗಿಸಿ ಪಕ್ಕದಲ್ಲಿಟ್ಟು, ಗೋಡೆಯಿಂದ 10 ಮಿ.ಮೀ. ಬಿಟ್ಟು, ಅಲ್ಲೇ ಗೆರೆ ಎಳೆಯಿರಿ. ಉಳಿದ ತುಂಡು 300 ಮಿ.ಮೀ.ಗಿಂತ ಉದ್ದವಿದ್ದರೆ ಮುಂದಿನ ಸಾಲು ಅದರಿಂದಲೇ ಶುರು, ಜಾಯಿಂಟ್‌ಗಳೂ ಒಂದರ ನೇರಕ್ಕೆ ಒಂದು ಬರುವುದಿಲ್ಲ.

ತಲೆನೋವು ಬಾಗಿಲ ಫ್ರೇಮ್. ಅದರ ಸುತ್ತ ಹಲಗೆ ಕೊರೆದು ಕೂರಿಸಿ ಸಿಲಿಕೋನ್ ಬಳಿಯುವುದು ನನಗೆ ಸರಿಕಾಣುವುದಿಲ್ಲ. ಫೋಮ್ ಮತ್ತು ಒಂದು ಹಲಗೆ ತುಂಡನ್ನು ಫ್ರೇಮಿಗೆ ಒತ್ತಿಟ್ಟು, ಅದರ ಮೇಲೆ ಗರಗಸ ಮಲಗಿಸಿ ಫ್ರೇಮಿನ ಬುಡವನ್ನೇ ಕೊಯ್ದರೆ ಹಲಗೆ ಒಳಗೆ ಜಾರುತ್ತದೆ. ಆದರೆ ಅಲ್ಲಿ ಹಲಗೆಯನ್ನು ಓರೆ ಎತ್ತಿ ಲಾಕ್ ಮಾಡಲು ಜಾಗವಿರದು. ಲಾಕ್ ಕೂರುವ ತೋಡಿನ, ಅಂದರೆ ಗ್ರೂವ್‌ನ, ಕೆಳತುಟಿಯ ಅಂಚಿನಲ್ಲಿ ಉಬ್ಬಿರುವ ಏಣನ್ನು ಉಳಿಯಿಂದ ಕೆತ್ತಿ ತೆಗೆಯಿರಿ, ಫೆವಿಕಾಲ್ ಸಣ್ಣ ಗೆರೆ ಎಳೆಯಿರಿ, ಹಲಗೆಯನ್ನು ಚಪ್ಪಟೆಯಾಗಿಯೇ ತಳ್ಳಿ ಪುಲ್ ಬಾರ್‌ನಿಂದ (ಹಲಗೆಯ ಅಂಚಿಗೆ ಸಿಕ್ಕಿಸಿ ಸುತ್ತಿಗೆಯಿಂದ ತಟ್ಟುವ ಕೊಕ್ಕೆಪಟ್ಟಿ) ಬಿಗಿ ಮಾಡಿ. ಒಟ್ಟು 10 ಮಿ.ಮೀ. ನೆಲ ಏರಿದ್ದರಿಂದ ಬಾಗಿಲ ಕೆಳಗೂ ಕೀಸಬೇಕಾಯಿತು.

ನಮ್ಮ ಮನೆಗಳ ಟೈಲ್ ಸ್ಕರ್ಟಿಂಗ್ ಗೋಡೆಗೇ ಅಂಟಿರುತ್ತದೆ, ಸಂದು ಅದರ ಮುಂದೆ ಬಾಯಿ ಬಿಟ್ಟು ಕಾಣುತ್ತದೆ. 15 ಮಿ.ಮೀ. ಕಾಲುಸುತ್ತಿನ ಬೀಡಿಂಗ್ ಸಾಕು, ಅಂಟು ಸ್ಕರ್ಟಿಂಗ್ ಕಡೆಗೆ ಮಾತ್ರ. ನೆಲಕ್ಕೂ ಅಂಟಿಸಿದರೆ ಮಳೆಗಾಲದಲ್ಲಿ ಹಿಗ್ಗಲು ದಾರಿಯಿಲ್ಲದೆ ನಡುವೆ ಉಬ್ಬುತ್ತದೆ. ಭಾರದ ಫಿಕ್ಸೆಡ್ ವಾರ್ಡ್‌ರೋಬನ್ನು ಹಲಗೆಯ ಮೇಲೆ ಸ್ಕ್ರೂ ಹಾಕಿ ಕೂರಿಸಿದರೂ ಅದೇ ಕಥೆ. ಒರೆಸಲು ಬಕೆಟ್ ನೀರು ಬೇಡ, ಚೆನ್ನಾಗಿ ಹಿಂಡಿದ ಬಟ್ಟೆ ಸಾಕು.