ಇಂಜಿನ್‌ನಲ್ಲಿ ಜಾಮ್ ಆದ ಬೋಲ್ಟನ್ನು ಮುರಿಯದೆ ಬಿಚ್ಚುವ ಬಗೆ

ಸ್ಪ್ಯಾನರ್‌ಗೆ ಉದ್ದನೆಯ ಪೈಪ್ ತೊಡಿಸಿ ಮೈಭಾರ ಹಾಕಿ ಎಳೆದರೆ ಜಾಮ್ ಆದ ಬೋಲ್ಟ್ ಬಿಚ್ಚಿಕೊಳ್ಳಬಹುದು, ಕುತ್ತಿಗೆಯಲ್ಲಿ ಕತ್ತರಿಸಿಕೊಂಡೂ ಹೋಗಬಹುದು. 10 ಮಿ.ಮೀ. ತಲೆಯ ಎಂ6 (6 ಮಿ.ಮೀ. ದಪ್ಪದ) ಬೋಲ್ಟಾದರೆ ಹೆಚ್ಚಾಗಿ ಎರಡನೆಯದೇ. 8.8 ಬಲದ ದರ್ಜೆಯ ಎಂ6 ಬೋಲ್ಟನ್ನು ಬಿಗಿ ಮಾಡುವುದೇ ಸುಮಾರು 10 ನ್ಯೂಟನ್ ಮೀಟರ್ ಟಾರ್ಕ್‌ಗೆ, ಅಂದರೆ ತಿರುಚುವ ಬಲಕ್ಕೆ. ಎಂ8ಗೆ 25, ಎಂ10ಕ್ಕೆ 50ರ ಆಸುಪಾಸು. ಅರ್ಧ ಇಂಚಿನ ಸಾಕೆಟ್ ಸೆಟ್‌ನ ಉದ್ದನೆಯ ಹ್ಯಾಂಡಲ್ ಹಿಡಿದ ಕೈಗೆ 10 ನ್ಯೂಟನ್ ಮೀಟರ್ ಅಂದರೆ ಏನೂ ಅಲ್ಲ, ಯಾವಾಗ ದಾಟಿದೆವು ಅನ್ನುವುದೂ ತಿಳಿಯುವುದಿಲ್ಲ. ಹಾಗಾಗಿ ಮೊದಲು ಥ್ರೆಡ್‌ನ (ಬೋಲ್ಟಿನ ಸುರುಳಿ ಗೆರೆಗಳ) ಹಿಡಿತ ಬಿಡಿಸಬೇಕು, ತಿರುಗಿಸುವುದು ಆಮೇಲೆ.

ಯಾಕೆ ಹಿಡಿದುಕೊಂಡಿದೆ ಎಂದು ಮೊದಲು ನೋಡಿ. ಕಬ್ಬಿಣ ತುಕ್ಕಾದಾಗ ಹೆಚ್ಚು ಜಾಗ ಬೇಡುತ್ತದೆ, ಥ್ರೆಡ್‌ಗಳ ನಡುವಿನ ಸಂದೆಲ್ಲ ತುಂಬಿಕೊಂಡು ಬೋಲ್ಟನ್ನು ಬೆಣೆ ಹೊಡೆದಂತೆ ಬಿಗಿ ಮಾಡುತ್ತದೆ. ವಾಟರ್ ಪಂಪ್, ಥರ್ಮೋಸ್ಟಾಟ್ ಹೌಸಿಂಗ್ ಇಂಥ ಕಡೆ ಉಕ್ಕಿನ ಬೋಲ್ಟ್ ಅಲ್ಯೂಮಿನಿಯಂ ಒಳಗೆ ಕೂತಿರುತ್ತದೆ. ತೇವ ಸೇರಿದರೆ ಅಲ್ಲಿ ಕೊರೆದುಹೋಗುವುದು ಅಲ್ಯೂಮಿನಿಯಂ, ತಲೆಯ ಸುತ್ತ ಬಿಳಿ ಪುಡಿ ಕಂಡರೆ ಇದೇ ರೋಗ. ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನ (ಇಂಜಿನ್ನಿನ ಹೊಗೆ ಹೊರಹೋಗುವ ಕೊಳವೆಯ) ಸ್ಟಡ್‌ಗಳು, ಅಂದರೆ ತಲೆಯಿಲ್ಲದ ಬೋಲ್ಟ್‌ಗಳು, ಕಾದು ತಣಿದು ಹೊಪ್ಪಳೆಗಟ್ಟಿ ತೆಳ್ಳಗಾಗಿರುತ್ತವೆ. ಅವನ್ನು ಕಂಡರೆ ಭಯವಿರಬೇಕು. ನಾಲ್ಕನೆಯದು ಥ್ರೆಡ್‌ಲಾಕ್ ಅಂಟು. ಕೆಂಪು ಬಣ್ಣದ ಗಟ್ಟಿ ಬಗೆಯದಾದರೆ ಎಣ್ಣೆ ಹಾಕಿ ಕಾಯುವುದು ದಂಡ, ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾತ್ರ ಅದು ಮೆತ್ತಗಾಗುತ್ತದೆ.

ತಲೆಯನ್ನು ಕಾಪಾಡಿಕೊಳ್ಳುವುದು

ತಂತಿ ಬ್ರಷ್‌ನಿಂದ ತಲೆಯ ತುಕ್ಕು ಕೆರೆಯಿರಿ. ಅಲೆನ್ ಅಥವಾ ಟಾರ್ಕ್ಸ್ ಬೋಲ್ಟಾದರೆ ಗುಳಿಯೊಳಗಿನ ಕೊಳೆಯನ್ನು ಮೊನೆಯಿಂದ ಕಿತ್ತು ತೆಗೆದು, ಬಿಟ್ ತಳ ಮುಟ್ಟುವವರೆಗೆ ಸುತ್ತಿಗೆಯಲ್ಲಿ ತಟ್ಟಿ ಕೂರಿಸಿ. ಸಾಕೆಟ್ ಆರು ಮೂಲೆಯದೇ ಇರಲಿ. ಹನ್ನೆರಡು ಮೂಲೆಯದು ತಲೆಯ ಅಂಚಿನಲ್ಲಷ್ಟೇ ಹಿಡಿಯುತ್ತದೆ, ಜಾಮ್ ಆದ ಬೋಲ್ಟ್‌ಗೆ ಹಾಕಿದರೆ ಮೂಲೆಗಳನ್ನು ಸವೆಸಿಬಿಡುತ್ತದೆ. ಓಪನ್ ಸ್ಪ್ಯಾನರ್ ಅಂತೂ ಬೇಡವೇ ಬೇಡ.

ಎಣ್ಣೆ ಮತ್ತು ಸುತ್ತಿಗೆ

ಪೆನೆಟ್ರೇಟಿಂಗ್ ಆಯಿಲ್ ಸ್ವಲ್ಪ ಸ್ವಲ್ಪವಾಗಿ, 15-20 ನಿಮಿಷಕ್ಕೊಮ್ಮೆ ಹಾಕಿ. ಸಾಧ್ಯವಾದರೆ ರಾತ್ರಿಯಿಡೀ ಬಿಡಿ. ಬೋಲ್ಟಿನ ತುದಿ ಆಚೆ ಕಡೆ ಹೊರಬಂದಿದ್ದರೆ ಅಲ್ಲಿಗೂ ಹಾಕಿ, ಕೆಲಸ ಹೆಚ್ಚು ಆಗುವುದು ಅಲ್ಲೇ. ತಳ ಮುಚ್ಚಿದ ತೂತಾದರೆ ಎಣ್ಣೆ ತಲೆಯ ಅಡಿಯಿಂದಲೇ ಇಳಿಯಬೇಕು, ಬಿಗಿಯಾಗಿ ಕೂತ ವಾಷರ್ ದಾಟಿ ಅದು ಹೋಗುವುದು ಕಡಿಮೆ, ಹೆಚ್ಚು ನಿರೀಕ್ಷೆ ಬೇಡ. ಆಟೋಮ್ಯಾಟಿಕ್ ಗೇರ್‌ಬಾಕ್ಸ್‌ನ ಎಟಿಎಫ್ ಆಯಿಲ್ ಮತ್ತು ಅಸಿಟೋನ್ ಸಮಪಾಲು ಬೆರೆಸಿಯೂ ಬಳಸುತ್ತಾರೆ. ಅವೆರಡೂ ನಿಂತಲ್ಲೇ ಬೇರೆಯಾಗುವುದರಿಂದ ಪ್ರತಿ ಸಲ ಕುಲುಕಬೇಕು. ಅಸಿಟೋನ್ ಪೇಂಟ್ ಕಿತ್ತುಹಾಕುತ್ತದೆ, ಬೆಂಕಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಎಣ್ಣೆ ಹಾಕಿದ ಮೇಲೆ ಬೋಲ್ಟಿನ ತಲೆಯ ನಡುವಿಗೆ ಪಂಚ್ ಇಟ್ಟು ನೇರವಾಗಿ ಹತ್ತು ಹದಿನೈದು ಏಟು ಹಾಕಿ. ಜೋರು ಬೇಡ, ಚುರುಕಾದ ಏಟು ಸಾಕು. ಆ ಅದುರಿಗೆ ತುಕ್ಕಿನ ಪದರ ಬಿರಿಯುತ್ತದೆ, ಎಣ್ಣೆಗೆ ದಾರಿಯಾಗುತ್ತದೆ. ತೆಳ್ಳಗಿನ ಅಲ್ಯೂಮಿನಿಯಂ ಕವರ್ ಮೇಲಾದರೆ ಕೈ ಇನ್ನೂ ಹಗುರವಾಗಿರಲಿ.

ತಿರುಗಿಸುವಾಗ ಕೈಗೆ ಏನು ತಿಳಿಯಬೇಕು

ಮೊದಲು ಬಿಗಿ ಮಾಡುವ ದಿಕ್ಕಿಗೆ ಒಂದಿಷ್ಟೇ ಇಷ್ಟು ಒತ್ತಿ, ಆಮೇಲೆ ಬಿಚ್ಚುವ ದಿಕ್ಕಿಗೆ. ಒಂದು ಕೂದಲೆಳೆಯಷ್ಟು ಅಲುಗಿದರೂ ತುಕ್ಕಿನ ಹಿಡಿತ ಬಿಟ್ಟಿತೆಂದೇ ಅರ್ಥ. ತಲೆಯಿಂದ ಪಕ್ಕದ ಲೋಹದವರೆಗೆ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆದಿಟ್ಟುಕೊಳ್ಳಿ. ಎಳೆದಾಗ ಗೆರೆ ಸರಿದು, ಬಿಟ್ಟಾಗ ಮತ್ತೆ ಮೊದಲಿನ ಜಾಗಕ್ಕೆ ಬಂದರೆ ಬೋಲ್ಟ್ ತಿರುಗಿಲ್ಲ, ಸ್ಪ್ರಿಂಗ್‌ನಂತೆ ತಿರುಚಿಕೊಂಡಿದೆ. ಸದ್ದಿಲ್ಲದೆ ಮೆತ್ತಗೆ ಬರುತ್ತಾ ಇದೆ ಅನ್ನಿಸಿದರೆ ಕುತ್ತಿಗೆ ಹರಿಯುತ್ತಿದೆ. ಎರಡರಲ್ಲೂ ಅಲ್ಲಿಗೇ ನಿಲ್ಲಿಸಿ. ಟಕ್ ಎಂದು ಸದ್ದಾಗಿ, ಆಮೇಲೆ ಕಿರ್ರೆನ್ನುತ್ತಾ ಬಂದರೆ ಒಳ್ಳೆಯ ಲಕ್ಷಣ.

ಅಲುಗಿತೆಂದು ಒಂದೇ ಉಸಿರಿಗೆ ಬಿಚ್ಚಲು ಹೋಗಬೇಡಿ. ಕಾಲು ಸುತ್ತು ಬಿಚ್ಚುವ ದಿಕ್ಕಿಗೆ, ಅದರ ಅರ್ಧದಷ್ಟು ಬಿಗಿ ಮಾಡುವ ದಿಕ್ಕಿಗೆ, ಮತ್ತೆ ಎಣ್ಣೆ. ಪುಡಿಯಾದ ತುಕ್ಕು ಥ್ರೆಡ್‌ನಲ್ಲಿ ಸಿಕ್ಕಿಕೊಂಡು ಅರ್ಧ ದಾರಿಯಲ್ಲಿ ಇನ್ನೂ ಗಟ್ಟಿಯಾಗಿ ಕೂತುಬಿಡುವುದು ಇಲ್ಲೇ. ಇಂಪ್ಯಾಕ್ಟ್ ರೆಂಚ್ ಇದ್ದರೆ ಕಡಿಮೆ ಸೆಟ್ಟಿಂಗ್‌ನಲ್ಲಿ ಒಂದೆರಡು ಸೆಕೆಂಡಿನ ಏಟುಗಳು ಎಂ10, ಎಂ12 ಬೋಲ್ಟ್‌ಗಳಿಗೆ ಚೆನ್ನಾಗಿ ಕೆಲಸ ಮಾಡುತ್ತವೆ. ಎಂ6ಗೆ ಅದನ್ನು ತೋರಿಸಲೂ ಬೇಡಿ.

ಶಾಖ

ಎಣ್ಣೆಗೆ ಬಗ್ಗದ್ದು ಹೆಚ್ಚಾಗಿ ಶಾಖಕ್ಕೆ ಬಗ್ಗುತ್ತದೆ. ಅದಕ್ಕೂ ಮುಂಚೆ ಪೆಟ್ರೋಲ್ ಪೈಪು, ವೈರಿಂಗ್, ರಬ್ಬರ್ ಹೋಸ್‌ಗಳನ್ನು ಸರಿಸಿ, ಚೆಲ್ಲಿದ ಎಣ್ಣೆ ಒರೆಸಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಂತೆ ಇಟ್ಟುಕೊಳ್ಳಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಟಾರ್ಚ್ ಅಥವಾ ವೆಲ್ಡಿಂಗ್ ಕೂಡದು, ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರಹತ್ತಿರ ಎರಡರಷ್ಟು ಹಿಗ್ಗುತ್ತದೆ. ಆದ್ದರಿಂದ ಕಾಯಿಸಬೇಕಾದ್ದು ಬೋಲ್ಟನ್ನಲ್ಲ, ಅದರ ಸುತ್ತಲಿನ ಅಲ್ಯೂಮಿನಿಯಂ ಉಬ್ಬನ್ನು. 150ರಿಂದ 200 ಡಿಗ್ರಿ ಸಾಕು, ನೀರಿನ ಹನಿ ಬಿದ್ದರೆ ಚುಂಯ್ ಎಂದು ಹಾರಬೇಕು. ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ, ನೋಡುತ್ತಿದ್ದಂತೆ ಕುಸಿದುಬೀಳುತ್ತದೆ. ಜ್ವಾಲೆ ಒಂದೇ ಕಡೆ ನಿಲ್ಲದಂತೆ ಆಡಿಸುತ್ತಿರಿ.

ಬೀಡು ಕಬ್ಬಿಣದ ಮ್ಯಾನಿಫೋಲ್ಡ್‌ನಲ್ಲಿ ಲೆಕ್ಕ ಬೇರೆ. ಅಲ್ಲಿ ನಟ್ಟನ್ನು ಮಬ್ಬು ಕೆಂಪಾಗುವವರೆಗೆ ಕಾಯಿಸಿ, ಆ ಬಿಸಿಯಲ್ಲೇ ತಿರುಗಿಸಿ ನೋಡಬಹುದು. ಒಳಗೆ ಕೂತ ಬೋಲ್ಟಾದರೆ ಅದರ ತಲೆ ಕಾಯಿಸಿ ತಾನಾಗಿ ತಣಿಯಲು ಬಿಡಿ. ಹಿಗ್ಗಲು ಜಾಗ ಸಿಗದ ಬೋಲ್ಟ್ ತಣಿದಾಗ ಒಂದಿಷ್ಟು ಕುಗ್ಗಿ ತುಕ್ಕಿನಿಂದ ಬಿಡಿಸಿಕೊಳ್ಳುತ್ತದೆ. ಇನ್ನೂ ಬಿಸಿ ಇರುವಾಗ ಮೇಣದ ಬತ್ತಿ ತಾಗಿಸಿದರೆ ಕರಗಿದ ಮೇಣ ಥ್ರೆಡ್‌ನೊಳಗೆ ಹರಿಯುತ್ತದೆ. ಕಾದ ಬೀಡಿನ ಮೇಲೆ ನೀರು ಸುರಿದರೆ ಬಿರುಕು ಖಂಡಿತ ಎಂದೇ ತಿಳಿಯಿರಿ. ಹೋಸ್‌ಗಳ ನಡುವಿನ ಇಕ್ಕಟ್ಟಿಗೆ ಇಂಡಕ್ಷನ್ ಹೀಟರ್ ಎಲ್ಲಕ್ಕಿಂತ ಒಳ್ಳೆಯದು, ಜ್ವಾಲೆಯೇ ಇರುವುದಿಲ್ಲ.

ತಲೆ ಸವೆದರೆ, ಮುರಿದರೆ

13 ಮಿ.ಮೀ. ತಲೆ ಸವೆದಿದ್ದರೆ ಆರು ಮೂಲೆಯ 12 ಮಿ.ಮೀ. ಸಾಕೆಟ್ ಹೊಡೆದು ಕೂರಿಸಿ. ಒಳಗೆ ತಿರುಚಿದ ಹಲ್ಲುಗಳಿರುವ ಎಕ್ಸ್‌ಟ್ರಾಕ್ಟರ್ ಸಾಕೆಟ್ ಇದ್ದರೆ ಇನ್ನೂ ಭದ್ರ. ತಲೆ ಹಾರಿ ಬೋಲ್ಟಿನ ತುಂಡು ಹೊರಗೆ ಉಳಿದಿದ್ದರೆ, ಅಥವಾ ಮೇಲ್ಮೈಗೆ ಸಮನಾಗಿ ಮುರಿದಿದ್ದರೂ ಸರಿ, ಮೊದಲು ವೆಲ್ಡಿಂಗ್ ಯೋಚಿಸಿ. ಡ್ರಿಲ್ ಆಮೇಲೆ. ತುಂಡಿನ ಮೇಲೆ ನಟ್ ಇಟ್ಟು ಅದರ ತೂತಿನ ನಡುವಿನಿಂದ ಮಿಗ್ ವೆಲ್ಡ್ ತುಂಬಿ. ಉಕ್ಕಿನ ವೆಲ್ಡ್ ಅಲ್ಯೂಮಿನಿಯಂಗೆ ಅಂಟದು. ಜೊತೆಗೆ ಬೋಲ್ಟಿನ ಹೊಟ್ಟೆಗೇ ಶಾಖ ಸಿಗುತ್ತದೆ. ಕೆಂಪು ಆರಿದ ಮೇಲೆ ಹಿಂದೆ ಮುಂದೆ ಆಡಿಸುತ್ತಾ ತಿರುಗಿಸಿ. ಮೊದಲ ನಟ್ ಕಿತ್ತು ಬಂದರೆ ಇನ್ನೊಂದು ಹಾಕಿ, ಒಂದೇ ಸಲಕ್ಕೆ ಬರಬೇಕೆಂದೇನಿಲ್ಲ. ಸತುವಿನ ಲೇಪದ ನಟ್ ಬೇಡ, ಅದರ ಹೊಗೆ ಒಳ್ಳೆಯದಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ಥ್ ಕ್ಲಾಂಪನ್ನು ಕೆಲಸದ ಹತ್ತಿರವೇ ಹಾಕಿ.

ಡ್ರಿಲ್ ಮಾಡಲೇಬೇಕಾದರೆ ಇಡೀ ಕೆಲಸ ನಿಂತಿರುವುದು ನಡು ಮಧ್ಯದ ಗುರುತಿನ ಮೇಲೆ. ಅರದಿಂದ ಮೇಲ್ಮೈ ಸಮ ಮಾಡಿ, ಸೆಂಟರ್ ಪಂಚ್ ಹೊಡೆದು, ಎಡಗೈ ಡ್ರಿಲ್ ಬಿಟ್‌ನಿಂದ ನಿಧಾನ ವೇಗದಲ್ಲಿ ಕಟಿಂಗ್ ಆಯಿಲ್ ಹಾಕುತ್ತಾ ಕೊರೆಯಿರಿ. ಹಿಮ್ಮುಖವಾಗಿ ತಿರುಗುವ ಆ ಬಿಟ್‌ಗೆ ಸಿಕ್ಕಿಕೊಂಡೇ ಎಷ್ಟೋ ಬೋಲ್ಟ್‌ಗಳು ಹೊರಬರುತ್ತವೆ. ಎಂ8ಕ್ಕೆ ಮೊದಲು 3, ಆಮೇಲೆ 5, ಕೊನೆಗೆ 6.5 ಮಿ.ಮೀ. ಆ ಹೊತ್ತಿಗೆ ಉಳಿಯುವುದು ತೆಳು ಸುರುಳಿ, ಅದನ್ನು ಮೊನೆಯಿಂದ ಎಬ್ಬಿಸಿ ತೆಗೆಯಬಹುದು. ತೂತು ವಾರೆಯಾಗಿ ಥ್ರೆಡ್ ಹಾಳಾದರೆ ಹೆಲಿಕಾಯಿಲ್ ಇನ್ಸರ್ಟ್ (ಹೊಸ ಥ್ರೆಡ್ ಆಗಿ ಕೂರುವ ತಂತಿ ಸುರುಳಿ) ಹಾಕಿಸಿ.

ಕೊರೆದ ತೂತಿಗೆ ಹಿಮ್ಮುಖವಾಗಿ ತಿರುಗಿಸಿ ಕೂರಿಸುವ ಸುರುಳಿ ಎಕ್ಸ್‌ಟ್ರಾಕ್ಟರ್ ಬಗ್ಗೆ ಒಂದು ಮಾತು. ಬೋಲ್ಟನ್ನೇ ಮುರಿದ ಜಾಮಿಗೆ ಅದರೊಳಗಿನ ಸಣ್ಣ ಕಡ್ಡಿ ಹೇಗೆ ತಡೆದೀತು? ಒಳಗೆ ಮುರಿದರೆ ಆ ಗಟ್ಟಿ ಉಕ್ಕನ್ನು ಸಾಮಾನ್ಯ ಡ್ರಿಲ್ ಮುಟ್ಟಲೂ ಆಗದು, ಕಾರ್ಬೈಡ್ ಬಿಟ್ ಅಥವಾ ಸ್ಪಾರ್ಕ್ ಎರೋಷನ್ ಯಂತ್ರವೇ ಗತಿ. ಬೋಲ್ಟ್ ಸಡಿಲವಿದ್ದು ಹಿಡಿಯಲು ತಲೆಯಿಲ್ಲ ಅನ್ನುವಾಗ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.

ಮತ್ತೆ ಹಾಕುವಾಗ

ತೂತಿನ ಥ್ರೆಡ್ಡನ್ನು ಚೇಸರ್‌ನಿಂದ (ಥ್ರೆಡ್‌ನ ಕೊಳೆ ತೆಗೆಯುವ ಸಾಧನ) ಸ್ವಚ್ಛ ಮಾಡಿ, ಕನ್ನಡಕ ಹಾಕಿಕೊಂಡು ಗಾಳಿಯಿಂದ ಊದಿ. ತಳ ಮುಚ್ಚಿದ ತೂತಿನಲ್ಲಿ ಎಣ್ಣೆ ಉಳಿದಿದ್ದರೆ ಬೋಲ್ಟ್ ಇಳಿದಾಗ ಅದಕ್ಕೆ ಹೋಗಲು ಜಾಗವಿಲ್ಲದೆ ಬ್ಲಾಕೇ ಬಿರುಕು ಬಿಡಬಹುದು. ಹೊಸ ಬೋಲ್ಟ್ ಅದೇ ದರ್ಜೆ, ಅದೇ ಉದ್ದದ್ದಿರಲಿ. ಜಾಮ್ ಆಗದಂತೆ ತಡೆಯುವ ಆಂಟಿ-ಸೀಜ್ ಪೇಸ್ಟ್ ತೆಳ್ಳಗೆ ಸವರಿದರೆ ಜಾರುವಿಕೆ ಹೆಚ್ಚುವುದರಿಂದ, ಮ್ಯಾನುಯಲ್‌ನಲ್ಲಿ ಒಣ ಥ್ರೆಡ್‌ಗೆ ಹೇಳಿದ ಟಾರ್ಕನ್ನೇ ಕೊಟ್ಟರೆ ಬೋಲ್ಟ್ ಅತಿಯಾಗಿ ಎಳೆಯಲ್ಪಡುತ್ತದೆ, ಒಂದಿಷ್ಟು ಕಡಿಮೆ ಮಾಡಿ. ಬಿಗಿ ಮಾಡುವಾಗಲೇ ಹಿಗ್ಗುವ ಬಗೆಯ ಹೆಡ್ ಬೋಲ್ಟ್‌ಗಳನ್ನು ಮಾತ್ರ, ಎಷ್ಟೇ ಚೆನ್ನಾಗಿ ಹೊರಬಂದಿದ್ದರೂ, ಮತ್ತೆ ಹಾಕಬೇಡಿ.